ಅಂಡಾಶಯದ ದ್ರವಕೋಶ: ಸೌಮ್ಯವೋ, ಮಾರಕವೋ?

ಕಳೆದ ಮಾಘಮಾಸದಲ್ಲಿ ನಮ್ಮ ಹಳೆಯ ಶಿಷ್ಯರೊಬ್ಬರು ಬೆಳಗಿನ ಹೊತ್ತಿನಲ್ಲಿಯೇ ಮನೆಗೆ ಬಂದು, ಜಗಲಿಯ ಮೇಲೆ ಕುಳಿತು, ಮಡಿಸಿದ ಕಾಗದವೊಂದನ್ನು ಜೇಬಿನಿಂದ ತೆಗೆದು ನಮ್ಮ ಕೈಗೆ ಕೊಟ್ಟರು. “ಮೇಷ್ಟ್ರೇ, ಇವಳ ಹೊಟ್ಟೆಯಲ್ಲಿ ಗೆಡ್ಡೆ ಇದೆಯಂತೆ. ಬರುವ ವಾರವೇ ಕುಯ್ಯಿಸಿಬಿಡಬೇಕೆಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ಜೊತೆಗೆ ಗರ್ಭಕೋಶವನ್ನೂ ತೆಗೆಸಿಬಿಟ್ಟರೆ ಮುಂದೆ ತಾಪತ್ರಯವೇ ಇರುವುದಿಲ್ಲವೆಂದು ನಮ್ಮ ಅತ್ತೆಯವರ ಮತ” ಎಂದರು. ಆಕೆಗೆ ಮೂವತ್ತನಾಲ್ಕು ವರ್ಷ. ಕಾಗದದಲ್ಲಿ ಬರೆದಿದ್ದುದಿಷ್ಟು: ಬಲಗಡೆಯ ಅಂಡಾಶಯದಲ್ಲಿ ಸುಮಾರು ೪ ಸೆಂಟಿಮೀಟರಿನ ಒಂದು ಸಿಸ್ಟ್, ಒಂದೇ ಕೋಣೆ, ತೆಳುವಾದ ಪೊರೆ, ಒಳಗೆ ತಿಳಿನೀರು, ಘನಭಾಗವಿಲ್ಲ. ನಾವು ವೈದ್ಯರಲ್ಲ; ಮಕ್ಕಳಿಗೆ ವ್ಯಾಕರಣವನ್ನು ಹೇಳಿಕೊಟ್ಟು ವಯಸ್ಸನ್ನು ಕಳೆದವರು. ಆದರೂ ಆ ಕಾಗದದ ಮಾತುಗಳು ಭಯದ ಮಾತುಗಳಲ್ಲವೆಂದು ನಮಗೆ ತೋರಿತು. ಶಸ್ತ್ರಕ್ರಿಯೆಗೆ ದಿನವನ್ನು ಗೊತ್ತುಮಾಡುವುದಕ್ಕೆ ಮೊದಲು ‘ಇದು ಯಾವ ಜಾತಿಯದು?’ ಎಂಬ ಪ್ರಶ್ನೆಯೊಂದನ್ನು ಸ್ತ್ರೀರೋಗ ತಜ್ಞರಲ್ಲಿ ಕೇಳಿಬರಬೇಕೆಂದು ಹೇಳಿ ಕಳುಹಿಸಿದೆವು. ಆ ವೈದ್ಯೆಯೂ ಕಾಯಬೇಕೆಂದೇ ಹೇಳಿದರಂತೆ. ಎರಡು ತಿಂಗಳ ಮೇಲೆ ಮತ್ತೆ ನೋಡಿದಾಗ ಆ ಗೆಡ್ಡೆಯ ಸುಳಿವೇ ಇರಲಿಲ್ಲ.

ಗೆಡ್ಡೆಯೆಂಬ ನಮ್ಮ ಮಾತು ಬಹಳ ಹರವುಳ್ಳದ್ದು. ನೀರು ತುಂಬಿದ ಪೊರೆಯ ಚೀಲವೂ ಗೆಡ್ಡೆಯೇ. ಮಾಂಸ ಬೆಳೆದು ಗಟ್ಟಿಯಾದುದೂ ಗೆಡ್ಡೆಯೇ. ಪ್ರಾಣವನ್ನು ಕೊಳ್ಳುವ ಏಡಿಗಂತಿಯೂ ಗೆಡ್ಡೆಯೇ. ಪ್ರಾಚೀನ ವೈದ್ಯರು ಈ ವಿಷಯದಲ್ಲಿ ನಮಗಿಂತ ಎಚ್ಚರದಿಂದ ಮಾತನಾಡುತ್ತಿದ್ದರು. ಸುಶ್ರುತಸಂಹಿತೆಯಲ್ಲಿ ಗ್ರಂಥಿ ಬೇರೆ, ಅರ್ಬುದ ಬೇರೆ, ಗುಲ್ಮ ಬೇರೆ. ಚರಕಸಂಹಿತೆಯಲ್ಲಿ ಸ್ತ್ರೀಯರಿಗೆ ಮಾತ್ರ ಬರುವ ರಕ್ತಗುಲ್ಮವೆಂಬುದನ್ನು ವರ್ಣಿಸಿ, ಅದು ಗರ್ಭದಂತೆಯೇ ತೋರುವುದನ್ನು ಹೇಳಿ, ಹತ್ತನೆಯ ತಿಂಗಳು ಕಳೆದ ಮೇಲೆಯೇ ಅದಕ್ಕೆ ಚಿಕಿತ್ಸೆ ಮಾಡತಕ್ಕದ್ದೆಂದು ವಿಧಿಸಿದೆ. ಈ ರಕ್ತಗುಲ್ಮವೇ ಇಂದಿನವರು ಹೇಳುವ ಸಿಸ್ಟ್ ಎಂದು ಸಾಧಿಸಹೊರಡುವ ಪಂಡಿತರ ಪಂಗಡಕ್ಕೆ ನಾವು ಸೇರಿದವರಲ್ಲ. ಆದರೆ ಗರ್ಭವೋ ಗುಲ್ಮವೋ ಎಂಬುದು ನಿಶ್ಚಯವಾಗುವ ಮುನ್ನ ಕೈಹಾಕಬಾರದೆಂಬ ಆ ವಿವೇಕವು ಯಾವ ಕಾಲಕ್ಕೂ ಸಲ್ಲುವಂಥದು. ಯಂತ್ರಗಳಿಲ್ಲದ ಆ ಕಾಲದಲ್ಲಿ ಕಾಲವೇ ಅವರಿಗೆ ಪರೀಕ್ಷೆಯ ಸಾಧನವಾಗಿದ್ದಿತು.

ಅಂಡಾಶಯವು ಬಾದಾಮಿಯ ಆಕಾರದ ಒಂದು ಸಣ್ಣ ಅಂಗ. ಗರ್ಭಕೋಶದ ಎರಡು ಪಕ್ಕಗಳಲ್ಲಿಯೂ ಒಂದೊಂದು ಇರುವುದು. ಮುಟ್ಟಾಗುವ ವಯಸ್ಸಿನ ಸ್ತ್ರೀಯರಲ್ಲಿ ತಿಂಗಳು ತಿಂಗಳೂ ಅದರೊಳಗೆ ಒಂದು ನೀರಿನ ಕೋಶವು ಬೆಳೆದು, ಸುಮಾರು ೨ ಸೆಂಟಿಮೀಟರಿನಷ್ಟು ದೊಡ್ಡದಾಗಿ, ಒಡೆದು, ಅದರಿಂದ ಅಂಡವು ಹೊರಬೀಳುತ್ತದೆ. ಒಡೆಯಬೇಕಾದ ಕೋಶವು ಯಾವುದೋ ತಿಂಗಳಲ್ಲಿ ಒಡೆಯದೆ ಹಾಗೆಯೇ ಉಬ್ಬಿಕೊಂಡರೆ ಅದು ಸಿಸ್ಟ್ ಎನ್ನಿಸಿಕೊಳ್ಳುತ್ತದೆ. ಅಂಡವು ಹೋದಮೇಲೆ ಉಳಿದ ಜಾಗದಲ್ಲಿ ನೀರೋ ರಕ್ತವೋ ತುಂಬಿಕೊಂಡರೆ ಅದೂ ಸಿಸ್ಟ್. ಇವು ರೋಗಗಳಲ್ಲ, ಪ್ರಕೃತಿಯ ಕೆಲಸದಲ್ಲಿ ಉಂಟಾದ ಸಣ್ಣ ವಿಳಂಬಗಳು. ಇವುಗಳಲ್ಲಿ ಹೆಚ್ಚಿನವು ಎರಡು ಮೂರು ಮುಟ್ಟುಗಳು ಕಳೆಯುವಷ್ಟರಲ್ಲಿ ತಾವಾಗಿಯೇ ಕರಗಿಹೋಗುತ್ತವೆ. ಇವನ್ನು ಬೇಗ ಕರಗಿಸಲೆಂದು ಗರ್ಭನಿರೋಧಕ ಗುಳಿಗೆಗಳನ್ನು ಕೊಡುವ ರೂಢಿಯೊಂದುಂಟು. ಗುಳಿಗೆ ತೆಗೆದುಕೊಂಡವರಲ್ಲಿಯೂ ತೆಗೆದುಕೊಳ್ಳದವರಲ್ಲಿಯೂ ಅವು ಒಂದೇ ವೇಗದಲ್ಲಿ ಹೋಗುತ್ತವೆಂಬುದು ಪರೀಕ್ಷೆಗಳಿಂದ ಸಿದ್ಧವಾಗಿದೆ.

ಕರಗದೆ ನಿಲ್ಲುವ ಸೌಮ್ಯಜಾತಿಗಳೂ ಕೆಲವುಂಟು. ಒಂದರಲ್ಲಿ ಕೊಬ್ಬು, ಕೂದಲು, ಕೆಲವು ವೇಳೆ ಹಲ್ಲು ಸಹ ಸಿಕ್ಕುವುದು. ಇದಕ್ಕೆ ಡರ್ಮಾಯ್ಡ್ ಎಂದು ಹೆಸರು. ಇದನ್ನು ಕಂಡು ಮಾಟವೆಂದು ಹೆದರಿದ ಮನೆಗಳನ್ನು ನಾವು ಬಲ್ಲೆವು. ಅಂಡದ ಮೂಲಕಣಗಳಿಗೆ ಶರೀರದ ಯಾವ ಧಾತುವನ್ನಾದರೂ ಬೆಳೆಯಿಸುವ ಶಕ್ತಿಯಿರುವುದರಿಂದ ಹೀಗಾಗುತ್ತದೆಯೇ ಹೊರತು ಯಾರ ಕಣ್ಣೂ ತಾಗಿ ಅಲ್ಲ. ಇನ್ನೊಂದರಲ್ಲಿ ಹಳೆಯ ರಕ್ತವು ಕಂದುಬಣ್ಣದ ಪಾಕದಂತೆ ನಿಂತಿರುವುದರಿಂದ ಅದನ್ನು ಚಾಕೊಲೇಟ್ ಸಿಸ್ಟ್ ಎನ್ನುತ್ತಾರೆ. ಮುಟ್ಟಿನಲ್ಲಿ ತಡೆಯಲಾರದ ನೋವು ಇದರ ಲಕ್ಷಣ. ಲೋಳೆ ತುಂಬಿದ ಮತ್ತೊಂದು ಜಾತಿಯು ಹೊಟ್ಟೆಯನ್ನೆಲ್ಲ ಆಕ್ರಮಿಸುವಷ್ಟು ಬೆಳೆದೂ ಸೌಮ್ಯವಾಗಿಯೇ ಉಳಿದಿರಬಹುದು. ಆದುದರಿಂದ ಗಾತ್ರವೊಂದನ್ನೇ ನೋಡಿ ಮಾರಕವೆಂದು ತೀರ್ಮಾನಿಸಲಾಗದು. ಇಂದಿನ ಹುಡುಗಿಯರ ಕಾಗದಗಳಲ್ಲಿ ಪಿ.ಸಿ.ಓ.ಡಿ. ಎಂದು ಬರೆದಿರುವುದು ಇವೆಲ್ಲಕ್ಕೂ ಬೇರೆಯಾದ ವಿಷಯ. ಅಲ್ಲಿ ಕಾಣುವ ಮುತ್ತಿನ ಸಾಲಿನಂಥ ಗುಳ್ಳೆಗಳು ಬಲಿಯದೆ ನಿಂತ ಅಂಡಕೋಶಗಳೇ ಹೊರತು ಗೆಡ್ಡೆಗಳಲ್ಲ, ಅವನ್ನು ಕುಯ್ದು ತೆಗೆಯುವ ಪ್ರಸಂಗವಿಲ್ಲ.

ಒಳಗಿರುವುದೇನೆಂದು ಹೊರಗಿನಿಂದ ತಿಳಿಯಲಾರದೆ ಮನುಷ್ಯನು ಪಟ್ಟ ಪಾಡು ಸಣ್ಣದಲ್ಲ. ಅಮೆರಿಕದ ಕೆಂಟಕಿ ಪ್ರಾಂತದಲ್ಲಿ ಜೇನ್ ಟಾಡ್ ಕ್ರಾಫರ್ಡ್ ಎಂಬ ಗೃಹಿಣಿಯ ಹೊಟ್ಟೆ ದೊಡ್ಡದಾಗಲು, ಎಲ್ಲರೂ ಅದನ್ನು ಗರ್ಭವೆಂದೇ ತಿಳಿದಿದ್ದರು. ದಿನ ತುಂಬಿದರೂ ಹೆರಿಗೆಯಾಗಲಿಲ್ಲ. ಕರೆಯಿಸಿಕೊಂಡು ಬಂದ ವೈದ್ಯ ಎಫ್ರೇಮ್ ಮ್ಯಾಕ್‌ಡವೆಲ್ ಕೈಯಿಂದ ಪರೀಕ್ಷಿಸಿ, ಗರ್ಭವಲ್ಲ, ಅಂಡಾಶಯದ ಗೆಡ್ಡೆಯೆಂದು ತಿಳಿಸಿದನು. ಆಕೆ ಆ ಭಾರವನ್ನು ಹೊತ್ತು ಕುದುರೆಯ ಮೇಲೆ ೬೦ ಮೈಲಿ ನಡೆದು ಡ್ಯಾನ್‌ವಿಲ್ ಊರನ್ನು ಸೇರಿದಳು. ೧೮೦೯ನೆಯ ಇಸವಿ ಡಿಸೆಂಬರಿನಲ್ಲಿ, ಮೂರ್ಛೆ ಬರಿಸುವ ಔಷಧಗಳೇ ಇಲ್ಲದ ಕಾಲದಲ್ಲಿ, ಸುಮಾರು ೨೫ ನಿಮಿಷಗಳಲ್ಲಿ ಅವನು ೨೨ ಪೌಂಡಿಗೂ ಮೇಲ್ಪಟ್ಟ ತೂಕದ ಗೆಡ್ಡೆಯನ್ನು ತೆಗೆದನು. ಐದನೆಯ ದಿನ ನೋಡಲು ಹೋದರೆ ಆಕೆ ತನ್ನ ಹಾಸಿಗೆಯನ್ನು ತಾನೇ ಸರಿಪಡಿಸುತ್ತಿದ್ದಳಂತೆ! ಆಕೆ ೧೮೪೨ರ ವರೆಗೆ ಬದುಕಿದಳು. ಗೆಡ್ಡೆಯ ಒಳಗಿದ್ದುದು ಬರಿಯ ಲೋಳೆ. ಆದರೆ ಕುಯ್ಯುವುದಕ್ಕೆ ಮುಂಚೆ ಅದು ಗೊತ್ತಾಗುವ ಉಪಾಯವು ಅವನಿಗಿರಲಿಲ್ಲ.

ಆ ಉಪಾಯವು ದೊರೆತುದು ೧೯೫೦ರ ದಶಕದಲ್ಲಿ, ಅದೂ ವೈದ್ಯಶಾಲೆಯಲ್ಲಲ್ಲ, ಕಬ್ಬಿಣದ ಕಾರ್ಖಾನೆಯಲ್ಲಿ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಪ್ರಸೂತಿಶಾಸ್ತ್ರದ ಪ್ರಾಧ್ಯಾಪಕರಾದ ಇಯಾನ್ ಡೊನಾಲ್ಡರು ೧೯೫೫ರಲ್ಲಿ, ಹತ್ತಿರದ ರೆನ್‌ಫ್ರೂ ಊರಿನ ಬಾಯ್ಲರ್ ಕಾರ್ಖಾನೆಗೆ ಹೋದರು. ಲೋಹದೊಳಗಿನ ಬಿರುಕುಗಳನ್ನು ಕಿವಿಗೆ ಕೇಳದ ಶಬ್ದತರಂಗಗಳಿಂದ ಪತ್ತೆಮಾಡುವ ಯಂತ್ರ ಅಲ್ಲಿತ್ತು. ಶಸ್ತ್ರಕ್ರಿಯೆಯಲ್ಲಿ ತೆಗೆದ ಗೆಡ್ಡೆಗಳನ್ನೂ ನೀರುಚೀಲಗಳನ್ನೂ ಅವರು ಮೋಟಾರು ಗಾಡಿಗಳಲ್ಲಿ ತುಂಬಿಕೊಂಡು ಹೋಗಿದ್ದರು. ಹೋಲಿಸಿ ನೋಡುವುದಕ್ಕೆ ಒಂದು ದೊಡ್ಡ ಮಾಂಸದ ತುಂಡನ್ನೂ ಕಾರ್ಖಾನೆಯವರು ಒದಗಿಸಿದರು. ಘನವಾದುದರ ಪ್ರತಿಧ್ವನಿ ಬೇರೆ, ನೀರು ತುಂಬಿದುದರ ಪ್ರತಿಧ್ವನಿ ಬೇರೆ ಎಂದು ಆ ದಿನವೇ ಸ್ಪಷ್ಟವಾಯಿತು. ಕೆಲಕಾಲದ ಮೇಲೆ ಅವರ ಬಳಿಗೆ ಒಬ್ಬ ಸ್ತ್ರೀಯನ್ನು ಕಳುಹಿಸಿದರು. ಹೊಟ್ಟೆಯ ಏಡಿಗಂತಿ ಬಲಿತು ನೀರು ತುಂಬಿಕೊಂಡಿದೆ, ಇನ್ನು ಮಾಡತಕ್ಕದ್ದೇನೂ ಇಲ್ಲವೆಂದು ದೊಡ್ಡ ವೈದ್ಯರು ಕೈಬಿಟ್ಟಿದ್ದವಳು ಆಕೆ. ಡೊನಾಲ್ಡರ ಯಂತ್ರದಲ್ಲಿ ಆ ನೀರು ಹೊಟ್ಟೆಯಲ್ಲೆಲ್ಲ ಹರಡದೆ ಒಂದು ಪೊರೆಯೊಳಗೆ ಕಟ್ಟುನಿಟ್ಟಾಗಿ ನಿಂತಿರುವುದು ಕಂಡಿತು. ಅದು ಜಲೋದರವಲ್ಲ, ಅಂಡಾಶಯದ ದೊಡ್ಡದೊಂದು ಸಿಸ್ಟ್! ಅದನ್ನು ತೆಗೆದರು, ಸೌಮ್ಯವಾದ ಲೋಳೆಯ ಜಾತಿ, ಆಕೆ ಗುಣಹೊಂದಿದಳು. ೧೯೫೮ರ ಜೂನ್ ತಿಂಗಳಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಈ ಸಂಶೋಧನೆಯು ಪ್ರಕಟವಾಯಿತು. ಇಂದು ತಾಲ್ಲೂಕಿನ ಪೇಟೆಬೀದಿಯಲ್ಲಿಯೂ ಬೋರ್ಡು ತೂಗುಹಾಕಿರುವ ಸ್ಕ್ಯಾನಿಂಗಿಗೆ ಇದು ಮೂಲ.

ಸ್ಕ್ಯಾನಿಂಗಿನಲ್ಲಿ ವೈದ್ಯರು ನೋಡುವುದೇನು? ೧೯೯೯ರಿಂದ ಹಲವು ದೇಶಗಳ ತಜ್ಞರು ಕೂಡಿ ಐ.ಓ.ಟಿ.ಎ. ಎಂಬ ಮಂಡಲಿಯನ್ನು ಏರ್ಪಡಿಸಿಕೊಂಡು, ಸಾವಿರಾರು ಸ್ತ್ರೀಯರ ಸ್ಕ್ಯಾನಿಂಗನ್ನು ತೆಗೆದ ಗೆಡ್ಡೆಯ ಪರೀಕ್ಷೆಯೊಡನೆ ತಾಳೆನೋಡಿ, ೨೦೦೮ರಲ್ಲಿ ಕೆಲವು ಸರಳ ಸೂತ್ರಗಳನ್ನು ಹೊರಡಿಸಿದರು. ಒಂದೇ ಕೋಣೆಯಿರುವುದು, ಘನಭಾಗವಿದ್ದರೂ ೭ ಮಿಲಿಮೀಟರಿಗಿಂತ ಚಿಕ್ಕದಾಗಿರುವುದು, ಹಲವು ಕೋಣೆಗಳಿದ್ದರೂ ಗೋಡೆಗಳು ನುಣುಪಾಗಿ ಒಟ್ಟು ಅಳತೆ ೧೦ ಸೆಂಟಿಮೀಟರಿಗೆ ಒಳಪಟ್ಟಿರುವುದು, ಒಳಗೆ ರಕ್ತಸಂಚಾರ ಕಾಣದಿರುವುದು, ಹಿಂದುಗಡೆ ನೆರಳು ಬೀಳುವುದು: ಇವು ಸೌಮ್ಯಲಕ್ಷಣಗಳು. ಅಂಕುಡೊಂಕಾದ ಘನವಾದ ಗೆಡ್ಡೆ, ಒಳಗೋಡೆಯಿಂದ ಮೊಳಕೆಗಳಂತೆ ನಾಲ್ಕಾರು ಅಂಕುರಗಳು, ಬಿರುಸಾದ ರಕ್ತಸಂಚಾರ, ೧೦ ಸೆಂಟಿಮೀಟರಿಗೆ ಕಡಿಮೆಯಿಲ್ಲದ ವಿಷಮಾಕೃತಿ, ಜಲೋದರ: ಇವು ಮಾರಕಲಕ್ಷಣಗಳು. ಒಂದು ಪಂಗಡದವು ಮಾತ್ರ ಕಂಡುಬಂದರೆ ನಿರ್ಣಯ ಸುಲಭ. ಎರಡೂ ಬೆರೆತರೆ, ಅಥವಾ ಯಾವುದೂ ಕಾಣದಿದ್ದರೆ, ಅನುಭವಿಗಳಾದ ತಜ್ಞರೇ ಮತ್ತೊಮ್ಮೆ ನೋಡತಕ್ಕದ್ದು. ಮದುವೆಯಾದ ಸ್ತ್ರೀಯರಲ್ಲಿ ಯೋನಿಮಾರ್ಗದಿಂದ ಮಾಡುವ ಸ್ಕ್ಯಾನಿಂಗು ಹೊಟ್ಟೆಯ ಮೇಲಿನಿಂದ ಮಾಡುವುದಕ್ಕಿಂತ ಸ್ಪಷ್ಟವಾಗಿರುವುದು. ಇದಕ್ಕೆ ನಾಚಿಕೊಂಡು ಒಲ್ಲೆನೆನ್ನುವವರುಂಟು. ನಾಚಿಕೆ ಸಹಜವೇ; ಆದರೆ ಮಸುಕಾದ ಚಿತ್ರವನ್ನು ನಂಬಿ ಕತ್ತಿಗೆ ಒಡ್ಡಿಕೊಳ್ಳುವುದಕ್ಕಿಂತ ಅದು ಲೇಸು.

ಈಚಿನ ಕಾಗದಗಳಲ್ಲಿ ಓ-ರ್ಯಾಡ್ಸ್ ಎಂದು ಬರೆದು ಅದರ ಮುಂದೆ ಒಂದು ಅಂಕಿಯನ್ನು ಹಾಕುವರು. ೧ ಎಂದರೆ ಸಹಜವಾದ ಅಂಡಾಶಯ. ೨ ಎಂದರೆ ಅದು ಮಾರಕವಾಗಿರುವ ಸಂಭವ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ೩ ಆದರೆ ನೂರಕ್ಕೆ ಹತ್ತರೊಳಗೆ. ೪ ಆದರೆ ಹತ್ತರಿಂದ ಐವತ್ತರ ವರೆಗೆ. ೫ ಆದರೆ ಐವತ್ತಕ್ಕೂ ಮೇಲೆ. ೨ನ್ನು ಕಂಡು ನಿದ್ದೆಗೆಡಬೇಕಾಗಿಲ್ಲ. ೪ನ್ನೂ ೫ನ್ನೂ ಕಂಡು ‘ಹಬ್ಬ ಕಳೆಯಲಿ, ಮದುವೆ ಮುಗಿಯಲಿ’ ಎಂದು ಮುಂದೂಡಲೂ ಕೂಡದು.

ವಯಸ್ಸು ಬಹು ಮುಖ್ಯವಾದುದು. ಮುಟ್ಟಾಗುವ ಸ್ತ್ರೀಯರಲ್ಲಿ ೫ ಸೆಂಟಿಮೀಟರಿನೊಳಗಿನ ತಿಳಿನೀರಿನ ಸಿಸ್ಟಿಗೆ ಸಾಮಾನ್ಯವಾಗಿ ಚಿಕಿತ್ಸೆಯೇ ಬೇಡವೆಂದು ತಜ್ಞರ ಮತ. ಮುಟ್ಟು ನಿಂತವರಲ್ಲಿ ಅಂಥದೇ ಸಿಸ್ಟ್ ಕಂಡರೂ ಬಹುಮಟ್ಟಿಗೆ ಸೌಮ್ಯವೇ. ಆದರೆ ಅವರನ್ನು ರಕ್ತಪರೀಕ್ಷೆಯೊಡನೆ ನೋಡಿ, ನಾಲ್ಕಾರು ತಿಂಗಳಿಗೊಮ್ಮೆ ಸ್ಕ್ಯಾನಿಂಗನ್ನು ಮಾಡಿಸುತ್ತ ಕಾಯುವರು. ಮದುವೆಯಾಗದ ಎಳೆಯ ಹುಡುಗಿಯರಲ್ಲಿ ಘನವಾದ ಗೆಡ್ಡೆ ಕಂಡರೆ ಬೇರೆ ಜಾತಿಯ ಏಡಿಗಂತಿಯ ಶಂಕೆ ಬರುತ್ತದೆ. ಅದಕ್ಕೆ ರಕ್ತಪರೀಕ್ಷೆಗಳೂ ಬೇರೆ. ಆ ಜಾತಿಗಳಲ್ಲಿ ಬಹುಭಾಗವು ಔಷಧಕ್ಕೆ ಚೆನ್ನಾಗಿ ಬಗ್ಗುವುದರಿಂದ, ಒಂದು ಅಂಡಾಶಯವನ್ನು ಉಳಿಸಿ ಮುಂದೆ ತಾಯಿಯಾಗುವ ಭಾಗ್ಯವನ್ನು ಕಾಪಾಡುವುದು ಅನೇಕ ವೇಳೆ ಸಾಧ್ಯವಾಗುತ್ತದೆ.

ರಕ್ತಪರೀಕ್ಷೆಯೆಂದರೆ ಸಾಮಾನ್ಯವಾಗಿ ಸಿ.ಎ.-೧೨೫ ಎಂಬುದು. ಈ ವಸ್ತುವನ್ನು ೧೯೮೧ರಲ್ಲಿ ಅಮೆರಿಕದ ರಾಬರ್ಟ್ ಬಾಸ್ಟ್ ಎಂಬವರೂ ಅವರ ಸಂಗಡಿಗರೂ ಗುರುತಿಸಿದರು. ೩೫ರ ಒಳಗಿದ್ದರೆ ಸಹಜವೆಂದು ಲೆಕ್ಕ. ಇದನ್ನು ಕುರಿತು ಎರಡು ತಪ್ಪು ತಿಳಿವಳಿಕೆಗಳು ಹರಡಿಕೊಂಡಿವೆ. ೩೫ರ ಮೇಲೆ ಬಂದಿತೆಂದ ಮಾತ್ರಕ್ಕೆ ಏಡಿಗಂತಿಯೆಂದು ಅಳುವವರೂ, ಒಳಗೆ ಬಂದಿತೆಂದ ಮಾತ್ರಕ್ಕೆ ನಿಶ್ಚಿಂತರಾಗುವವರೂ ಸಮಾನವಾಗಿ ತಪ್ಪಿದವರು. ಮುಟ್ಟಿನ ದಿನಗಳಲ್ಲಿಯೂ, ಬಸಿರಿನಲ್ಲಿಯೂ, ಚಾಕೊಲೇಟ್ ಸಿಸ್ಟಿನಲ್ಲಿಯೂ, ಗರ್ಭಕೋಶದ ನಾರುಗೆಡ್ಡೆಯಲ್ಲಿಯೂ ಇದು ಏರುವುದು. ನಮ್ಮ ದೇಶದಲ್ಲಿ ವಿಶೇಷವಾಗಿ ನೆನಪಿಡತಕ್ಕದ್ದು ಹೊಟ್ಟೆಯ ಕ್ಷಯ. ಅದರಲ್ಲಿ ಹೊಟ್ಟೆಯಲ್ಲಿ ನೀರು ತುಂಬಿ, ಮೈ ಇಳಿದು, ಸಿ.ಎ.-೧೨೫ ನೂರುಗಟ್ಟಲೆ ಏರಿ, ನೋಡುವವರಿಗೆ ಅಂಡಾಶಯದ ಏಡಿಗಂತಿಯೇ ಸರಿ ಎನಿಸುವುದು. ಆದರೆ ಅದಕ್ಕೆ ಬೇಕಾದುದು ಕತ್ತಿಯಲ್ಲ, ಆರು ತಿಂಗಳ ಮಾತ್ರೆ. ಇನ್ನೊಂದು ಕಡೆ, ಆರಂಭದ ಹಂತದ ಏಡಿಗಂತಿಯಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಈ ಅಂಕಿ ಏರಿರುವುದೇ ಇಲ್ಲ. ಆದಕಾರಣ ಇದನ್ನು ಒಂಟಿಯಾಗಿ ಓದದೆ ಸ್ಕ್ಯಾನಿಂಗಿನ ಲಕ್ಷಣ, ವಯಸ್ಸು ಇವುಗಳ ಜೊತೆಗೆ ಗುಣಿಸಿ ನೋಡುವ ಕ್ರಮವೊಂದನ್ನು ೧೯೯೦ರಲ್ಲಿ ಇಂಗ್ಲೆಂಡಿನಲ್ಲಿ ಏರ್ಪಡಿಸಿದರು. ಮುಟ್ಟು ನಿಂತವರಿಗೆ ಮೂರರಿಂದ ಗುಣಿಸುವುದು, ಗುಣಲಬ್ಧವು ೨೦೦ನ್ನು ದಾಟಿದರೆ ಏಡಿಗಂತಿಯ ಆಸ್ಪತ್ರೆಗೆ ಕಳುಹಿಸುವುದು, ಹೀಗೆ ಅದರ ರೀತಿ. ಲೆಕ್ಕದ ಮೇಷ್ಟರುಗಳಿಗೆ ಇದು ಮೆಚ್ಚಿಗೆಯಾಗಬಹುದು!

ಚಿಕಿತ್ಸೆಗಿಂತ ಮೊದಲೇ ಇಷ್ಟೆಲ್ಲ ವಿಚಾರವೇಕೆಂದರೆ, ಸೌಮ್ಯಕ್ಕೂ ಮಾರಕಕ್ಕೂ ಮಾಡುವ ಶಸ್ತ್ರಕ್ರಿಯೆಗಳು ಬೇರೆ ಬೇರೆ, ಮಾಡುವ ಕೈಗಳೂ ಬೇರೆ ಬೇರೆ. ಸೌಮ್ಯವಾದುದಕ್ಕೆ, ತೆಗೆಯಲೇಬೇಕಾದಲ್ಲಿ, ಹೊಟ್ಟೆಯಲ್ಲಿ ಸಣ್ಣ ರಂಧ್ರಗಳನ್ನು ಮಾಡಿ ಸಿಸ್ಟನ್ನು ಮಾತ್ರ ಸುಲಿದು ತೆಗೆದು, ಅಂಡಾಶಯವನ್ನು ಉಳಿಸುವರು. ಮಾರಕವೆಂಬ ಶಂಕೆಯಿದ್ದಲ್ಲಿ ಅದನ್ನು ಒಡೆಯದಂತೆ ಇಡಿಯಾಗಿ ತೆಗೆಯತಕ್ಕದ್ದು. ಹೊಟ್ಟೆಯ ನೀರನ್ನೂ ವಪೆಯನ್ನೂ ಪರೀಕ್ಷಿಸಿ ರೋಗವು ಎಷ್ಟು ಹರಡಿದೆಯೆಂದು ಅಳೆಯತಕ್ಕದ್ದು. ಈ ಕೆಲಸಕ್ಕೆ ಸ್ತ್ರೀಯರ ಏಡಿಗಂತಿಯಲ್ಲಿಯೇ ಪರಿಣತರಾದ ಶಸ್ತ್ರವೈದ್ಯರು ಬೇಕು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಂಥ ಸರ್ಕಾರಿ ಸಂಸ್ಥೆಗಳಲ್ಲಿ ಅಂಥವರು ಸಿಕ್ಕುತ್ತಾರೆ. ಮಾರಕವಾದ ಕೋಶವು ಒಳಗೇ ಒಡೆದು ಅದರ ನೀರು ಚೆಲ್ಲಿದರೆ ರೋಗದ ಹಂತವೇ ಮೇಲೇರಿದಂತೆ ಎಣಿಸುವರು. ‘ಸೂಜಿ ಹಾಕಿ ನೀರು ತೆಗೆದುಬಿಡೋಣ’ ಎಂಬ ಸಲಹೆಯನ್ನು ಶಂಕಾಸ್ಪದವಾದ ಗೆಡ್ಡೆಯ ವಿಷಯದಲ್ಲಿ ಒಪ್ಪಬಾರದೆನ್ನುವುದು ಇದಕ್ಕಾಗಿಯೇ. ಎಷ್ಟು ಪರೀಕ್ಷೆಗಳಾದರೂ ಕಡೆಯ ಮಾತು ಸೂಕ್ಷ್ಮದರ್ಶಕದ್ದು. ತೆಗೆದ ಗೆಡ್ಡೆಯನ್ನು ಪರೀಕ್ಷೆಗೆ ಕಳುಹಿಸಿದರೇ, ಅದರ ವರದಿ ಎಲ್ಲಿದೆ ಎಂದು ಕೇಳುವ ಅಧಿಕಾರವು ಮನೆಯವರಿಗುಂಟು.

ಗರ್ಭಕೋಶವನ್ನೂ ಸೇರಿಸಿ ತೆಗೆಸಿಬಿಡುವ ಮಾತನ್ನು ಮೇಲೆ ಹೇಳಿದೆವಷ್ಟೆ. ಈ ಮಾತು ನಮ್ಮ ಹಳ್ಳಿಗಳಲ್ಲಿ ಬಹಳ ಅಗ್ಗವಾಗಿಬಿಟ್ಟಿದೆ. ಅಂಡಾಶಯದ ಸೌಮ್ಯವಾದ ನೀರುಗುಳ್ಳೆಗೂ ಗರ್ಭಕೋಶಕ್ಕೂ ಸಂಬಂಧವಿಲ್ಲ; ಬಾಗಿಲು ಕಿರುಗುಟ್ಟಿದರೆ ಮನೆಯನ್ನೇ ಕೆಡವುವವರುಂಟೇ? ಎಳೆಯ ವಯಸ್ಸಿನಲ್ಲಿ ಅಂಡಾಶಯಗಳೆರಡನ್ನೂ ಕಳೆದುಕೊಂಡವಳಿಗೆ ಆ ದಿನವೇ ಮುಟ್ಟು ನಿಂತು, ಮೂಳೆಗಳು ಸವೆದು, ಹೃದಯದ ರೋಗಗಳ ಭಯವೂ ಹೆಚ್ಚುವುದು. ಅನಾವಶ್ಯಕವಾಗಿ ಗರ್ಭಕೋಶವನ್ನು ತೆಗೆಯುವುದನ್ನು ತಡೆಯಲು ಕೇಂದ್ರ ಸರ್ಕಾರವು ೨೦೨೨ರಲ್ಲಿ ನಿಯಮಗಳನ್ನು ಮಾಡಿತು. ೨೦೨೩ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಅವನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಅನುಸರಿಸತಕ್ಕದ್ದೆಂದು ಆಜ್ಞಾಪಿಸಿತು. ನ್ಯಾಯಾಲಯದ ವರೆಗೆ ಹೋಗಬೇಕಾದಷ್ಟು ಇದು ಹಬ್ಬಿದ್ದಿತೆಂಬುದೇ ಶೋಚನೀಯ.

ಕಾಯುವುದರಲ್ಲಿ ಅಪಾಯವಿಲ್ಲವೇ ಎಂದು ಗೃಹಸ್ಥರು ಕೇಳುವುದು ನ್ಯಾಯವೇ. ಮೇಲೆ ಹೇಳಿದ ಮಂಡಲಿಯವರು, ಸೌಮ್ಯವೆಂದು ತೋರಿದ ಸಿಸ್ಟುಗಳುಳ್ಳ ೧೯೧೯ ಸ್ತ್ರೀಯರನ್ನು ಶಸ್ತ್ರಕ್ರಿಯೆಯಿಲ್ಲದೆ ನೋಡುತ್ತ ಬಂದು ೨೦೧೯ರಲ್ಲಿ ಫಲವನ್ನು ಪ್ರಕಟಿಸಿದರು. ಎರಡು ವರ್ಷಗಳಲ್ಲಿ ಐದರಲ್ಲೊಂದು ಪಾಲು ತಾನಾಗಿ ಮಾಯವಾಯಿತು. ಏಡಿಗಂತಿಯೆಂದು ಹೊರಬಿದ್ದುದು ಸಾವಿರಕ್ಕೆ ನಾಲ್ಕು. ತಿರುಚಿಕೊಂಡುದೂ ಸಾವಿರಕ್ಕೆ ನಾಲ್ಕು. ಇದಕ್ಕೆ ಪ್ರತಿಯಾಗಿ ಅವಸರದ ಫಲವನ್ನೂ ನೋಡಿರಿ. ಅಮೆರಿಕದಲ್ಲಿ ಆರೋಗ್ಯವಂತರಾದ ಹಿರಿಯ ಸ್ತ್ರೀಯರನ್ನು ವರ್ಷವರ್ಷವೂ ಪರೀಕ್ಷಿಸಿದ ದೊಡ್ಡ ಪ್ರಯೋಗವೊಂದರಲ್ಲಿ, ರೋಗವಿಲ್ಲದೆಯೇ ಶಂಕೆಗೆ ಸಿಕ್ಕಿದವರು ೩,೨೮೫ ಮಂದಿ. ಅವರಲ್ಲಿ ೧,೦೮೦ ಮಂದಿ ಶಸ್ತ್ರಕ್ರಿಯೆಗೆ ಒಳಗಾದರು. ಅವರ ಪೈಕಿ ೧೬೩ ಮಂದಿಗೆ ಅದರಿಂದಲೇ ತೀವ್ರವಾದ ತೊಂದರೆಗಳು ಉಂಟಾದುವು. ೨೦೧೧ರಲ್ಲಿ ಲೆಕ್ಕ ಹಾಕಿದಾಗ ಈ ಪರೀಕ್ಷೆಗಳಿಂದ ಸಾವುಗಳು ಕಡಿಮೆಯಾಗಿರಲಿಲ್ಲ. ಯುನೈಟೆಡ್ ಕಿಂಗ್‌ಡಮ್ಮಿನ ಎರಡು ಲಕ್ಷಕ್ಕೂ ಮೇಲ್ಪಟ್ಟ ಸ್ತ್ರೀಯರ ಪ್ರಯೋಗದ ಫಲವೂ ೨೦೨೧ರಲ್ಲಿ ಅದೇ ಆಯಿತು. ಆದುದರಿಂದ ಯಾವ ತೊಂದರೆಯೂ ಇಲ್ಲದವರು ‘ಹಬ್ಬದ ರಿಯಾಯಿತಿ’ಯ ಪರೀಕ್ಷೆಗಳ ಕಟ್ಟಿನಲ್ಲಿ ಸಿ.ಎ.-೧೨೫ನ್ನು ಮಾಡಿಸಿಕೊಂಡು ಮನಸ್ಸಿನ ನೆಮ್ಮದಿಯನ್ನು ಮಾರಿಕೊಳ್ಳಬೇಕಾಗಿಲ್ಲ.

ತೊಂದರೆಯುಳ್ಳವರ ಮಾತು ಬೇರೆ. ಐವತ್ತು ದಾಟಿದ ಗೃಹಿಣಿಗೆ ಹೊಸದಾಗಿ ಹೊಟ್ಟೆಯುಬ್ಬರ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಕೆಳಹೊಟ್ಟೆಯ ನೋವು, ಅಡಿಗಡಿಗೆ ಮೂತ್ರಕ್ಕೆ ಹೋಗಬೇಕೆನಿಸುವುದು, ಇವು ತಿಂಗಳಲ್ಲಿ ಹನ್ನೆರಡು ದಿನಗಳಿಗಿಂತ ಹೆಚ್ಚಾಗಿ ಕಾಣಿಸಿಕೊಂಡರೆ ವೈದ್ಯರಲ್ಲಿಗೆ ಹೋಗತಕ್ಕದ್ದು. ನಮ್ಮ ಮನೆಗಳಲ್ಲಿ ಇದಕ್ಕೆ ವಾಯುವೆಂದು ಹೆಸರಿಟ್ಟು ಓಮದ ಕಷಾಯವನ್ನು ಕುಡಿಸುತ್ತ ಅರ್ಧ ವರ್ಷವನ್ನು ಕಳೆಯುವುದುಂಟು. ಎಲ್ಲರಿಗೂ ಬಡಿಸಿ ಕಡೆಗೆ ಊಟಮಾಡುವವಳು ಒಂದು ತುತ್ತನ್ನು ಕಡಿಮೆ ಉಂಡರೆ ಯಾರ ಕಣ್ಣಿಗೂ ಬೀಳುವುದಿಲ್ಲ. ತಾಯಿಗೋ ಅಕ್ಕತಂಗಿಯರಿಗೋ ಅಂಡಾಶಯದ ಅಥವಾ ಎಳೆಯ ವಯಸ್ಸಿನಲ್ಲಿ ಸ್ತನದ ಏಡಿಗಂತಿ ಬಂದಿದ್ದರೆ ಅದನ್ನು ಮುಚ್ಚಿಡದೆ ಮೊದಲ ಭೇಟಿಯಲ್ಲಿಯೇ ತಿಳಿಸತಕ್ಕದ್ದು. ಬಿ.ಆರ್.ಸಿ.ಎ. ಎಂಬ ವಂಶವಾಹಿಗಳ ದೋಷವು ತಂದೆಯ ಕಡೆಯಿಂದಲೂ ಬರಬಹುದು. ಅದುಳ್ಳವರಿಗೆ ಕಾಯುವ ನಿಯಮಗಳೇ ಬೇರೆ. ಮದುವೆಯ ಮಾತು ಕೆಟ್ಟೀತೆಂದು ಇಂಥದನ್ನು ಬಚ್ಚಿಡುವ ಕುಟುಂಬಗಳನ್ನು ಕಂಡು ನಮಗೆ ಸಂಕಟವಾಗಿದೆ.

ಇನ್ನು ತಿರುಚಿಕೊಳ್ಳುವುದನ್ನು ಕುರಿತು ಒಂದು ಮಾತು. ಅತ್ಯಂತ ಸೌಮ್ಯವಾದ ಸಿಸ್ಟ್ ಕೂಡ ತನ್ನ ತೊಟ್ಟಿನ ಮೇಲೆ ಸುತ್ತಿಕೊಂಡು ಅಂಡಾಶಯದ ರಕ್ತಸಂಚಾರವನ್ನು ಕತ್ತರಿಸಬಲ್ಲುದು. ಹೊಟ್ಟೆಯ ಒಂದು ಪಕ್ಕದಲ್ಲಿ ಥಟ್ಟನೆ ಸಹಿಸಲಾರದ ನೋವು, ಅದರೊಡನೆ ವಾಂತಿ, ಇಷ್ಟು ಕಂಡರೆ ಬೆಳಗಾಗಲೆಂದು ಕಾಯದೆ ಆಗಲೇ ಆಸ್ಪತ್ರೆಗೆ ಹೊರಡಬೇಕು. ಗಂಟೆಗಳು ಕಳೆದಂತೆಲ್ಲ ಆ ಅಂಡಾಶಯವು ಉಳಿಯುವ ಆಸೆಯೂ ಕಳೆಯುತ್ತದೆ. ಹೊರಡುವಾಗ ಹಿಂದಿನ ಸ್ಕ್ಯಾನಿಂಗಿನ ಕಾಗದಗಳನ್ನು ಜೊತೆಗೆ ಒಯ್ಯಿರಿ. ಸಿಸ್ಟ್ ಬೆಳೆಯುತ್ತಿದೆಯೇ, ನಿಂತಿದೆಯೇ, ಯಾವ ಪಕ್ಕದ್ದು ಎಂಬುದನ್ನು ರಾತ್ರಿಯ ಹೊತ್ತಿನಲ್ಲಿರುವ ಹೊಸ ವೈದ್ಯರಿಗೆ ಅವು ಹೇಳುತ್ತವೆ. ಜಾತಕಗಳನ್ನು ಇಡುವ ಪೆಟ್ಟಿಗೆಯಲ್ಲಿಯೇ ಅವಕ್ಕೂ ಒಂದು ಜಾಗ ಮಾಡಬಹುದು.